ಬಾಸ್ಕೆಟ್‌ಬಾಲ್ ಅಂಗಳದ ಮಹಾಮಲ್ಲ ಬಿಲ್ ರಸೆಲ್

ಕ್ರೀಡೆಯು ದೇಹಕ್ಕೆ ಬಲವನ್ನೂ ಮನಸ್ಸಿಗೆ ಸಂಯಮವನ್ನೂ ನೀಡುವ ಸಾಧನ. ನಮ್ಮ ಜಮಖಂಡಿ, ಮುಧೋಳ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಗೆ ಅಗ್ರಸ್ಥಾನ. ಗೆದ್ದ ಪೈಲ್ವಾನನ ಕೈಗೆ ಬೆಳ್ಳಿಯ ಕಡೆ. ಅಲ್ಲಿ ಗೆಲುವು ಒಬ್ಬನದು, ಸೋಲೂ ಒಬ್ಬನದೇ. ಐವರು ಕೂಡಿ ಆಡುವ ಬಾಸ್ಕೆಟ್‌ಬಾಲ್‌ನಲ್ಲಾದರೋ ಒಬ್ಬ ಆಟಗಾರನ ಹಿರಿಮೆಯನ್ನು ಅಳೆಯುವುದು ಹೇಗೆ? ಅಮೆರಿಕದ ಬಿಲ್ ರಸೆಲ್ಲರ ಜೀವನವು ಈ ಪ್ರಶ್ನೆಗೆ ಉತ್ತರವಾಗಿದೆ.

1891ರಲ್ಲಿ ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಸಿ ಈ ಆಟವನ್ನು ಆರಂಭಿಸಿದರು. ಇಂದಿಗೂ ಬಳೆಯ ಎತ್ತರ 10 ಅಡಿ. ತಂಡದಲ್ಲಿ ಸಾಮಾನ್ಯವಾಗಿ ಅತ್ಯಂತ ಎತ್ತರದವನು ಬುಟ್ಟಿಯ ಸಮೀಪ ನಿಲ್ಲುತ್ತಾನೆ, ಅವನೇ 'ಸೆಂಟರ್'. ಎದುರಾಳಿಯ ಎಸೆತವನ್ನು ತಡೆಯುವುದು, ಗುರಿ ತಪ್ಪಿ ಪುಟಿದ ಚೆಂಡನ್ನು, ಅಂದರೆ ರಿಬೌಂಡನ್ನು, ಹಿಡಿಯುವುದು ಅವನ ಮುಖ್ಯ ಕರ್ತವ್ಯ.

ರಸೆಲ್ಲರು 1934ರ ಫೆಬ್ರುವರಿ 12ರಂದು ಲೂಸಿಯಾನಾದ ಮನ್ರೋದಲ್ಲಿ ಕರಿಯ ಜನಾಂಗದ ಬಡ ಕುಟುಂಬದಲ್ಲಿ ಜನಿಸಿದರು. ಹನ್ನೆರಡರ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಶಾಲೆಯ ತಂಡದಲ್ಲಿ ಸ್ಥಾನ ದೊರೆಯುವುದೇ ಕಷ್ಟವಾಗಿದ್ದ ಆ ಬಾಲಕನೇ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯಕ್ಕೆ 1955 ಮತ್ತು 1956ರಲ್ಲಿ ರಾಷ್ಟ್ರೀಯ ಪ್ರಶಸ್ತಿಗಳನ್ನೂ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಸ್ವರ್ಣಪದಕವನ್ನೂ ದೊರಕಿಸಿದನು. ಬಳಿಕ ಬಾಸ್ಟನ್ ಸೆಲ್ಟಿಕ್ಸ್ ತಂಡವನ್ನು ಸೇರಿ 13 ಋತುಗಳಲ್ಲಿ 11 ಬಾರಿ ತಂಡದೊಡನೆ ವಿಜೇತರಾದರು.

6 ಅಡಿ 10 ಅಂಗುಲ ಎತ್ತರದ ರಸೆಲ್ಲರು ಎಸೆತವನ್ನು ತಡೆಯುವಾಗ ಚೆಂಡನ್ನು ದೂರಕ್ಕೆ ಹೊಡೆದು ಚಪ್ಪಾಳೆ ಗಿಟ್ಟಿಸುತ್ತಿರಲಿಲ್ಲ. ಮೆಲ್ಲನೆ ತಟ್ಟಿ ತಮ್ಮ ಸಂಗಡಿಗರಿಗೆ ಸಿಗುವಂತೆ ಮಾಡುತ್ತಿದ್ದರು. ತಡೆಯೇ ಮುನ್ನಡೆಯಾಗುತ್ತಿತ್ತು. ಅವರು ಹಿಡಿದ ರಿಬೌಂಡುಗಳು 21,620. ಆದರೆ ತಡೆದ ಎಸೆತಗಳೆಷ್ಟೆಂಬುದಕ್ಕೆ ಅಧಿಕೃತ ಲೆಕ್ಕವೇ ಇಲ್ಲ. ಅವುಗಳ ಎಣಿಕೆ ಆರಂಭವಾದದ್ದು 1973ರಲ್ಲಿ, ಅವರು ನಿವೃತ್ತರಾದ ಮೇಲೆ. ಅವರ ಪ್ರತಿಸ್ಪರ್ಧಿ ವಿಲ್ಟ್ ಚೇಂಬರ್ಲೇನ್ 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ಅದ್ಭುತ ಆಟಗಾರ; ಆದರೂ ಅವರ ತಂಡಗಳು ಪ್ರಶಸ್ತಿ ಗೆದ್ದದ್ದು ಎರಡೇ ಸಲ.

ಅಂಗಳದಲ್ಲಿ ಗೌರವ, ಹೊರಗೆ ಅವಮಾನ: ಇದು ರಸೆಲ್ಲರ ಬಾಳಿನ ಕಹಿ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ ನಗರದ ಹೋಟೆಲೊಂದರಲ್ಲಿ ಕರಿಯ ಆಟಗಾರರಿಗೆ ಊಟ ನಿರಾಕರಿಸಲಾಯಿತು. ರಸೆಲ್ಲರೂ ಅವರ ಕರಿಯ ಸಂಗಡಿಗರೂ ಆ ಊರಿನ ಪ್ರದರ್ಶನ ಪಂದ್ಯವನ್ನು ಆಡದೆಯೇ ಹಿಂದಿರುಗಿದರು. ಕೂಡಿ ಉಣ್ಣಲು ಒಪ್ಪದವರ ಮುಂದೆ ಆಡಿ ರಂಜಿಸುವುದು ಅವರ ಆತ್ಮಗೌರವಕ್ಕೆ ಒಗ್ಗಲಿಲ್ಲ. ಪಂಕ್ತಿಭೇದದ ನೋವನ್ನು ಬಲ್ಲ ನಮ್ಮ ನಾಡಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. 1966ರಲ್ಲಿ ಅದೇ ರಸೆಲ್ಲರು ಆ ವೃತ್ತಿಪರ ಲೀಗಿನ ಪ್ರಥಮ ಕರಿಯ ಮುಖ್ಯ ತರಬೇತುದಾರರಾದರು. ತಾವೂ ಆಡುತ್ತ 1968 ಮತ್ತು 1969ರಲ್ಲಿ ತಂಡವನ್ನು ಗೆಲ್ಲಿಸಿದರು.

2011ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. 2022ರ ಜುಲೈ 31ರಂದು ಅವರು ನಿಧನರಾದಾಗ, ಅವರು ಧರಿಸುತ್ತಿದ್ದ 6ನೆಯ ಸಂಖ್ಯೆಯನ್ನು ಇನ್ನು ಯಾವ ತಂಡವೂ ಹೊಸ ಆಟಗಾರನಿಗೆ ಕೊಡಬಾರದೆಂದು ಲೀಗು ತೀರ್ಮಾನಿಸಿತು.

ವಿದ್ಯಾರ್ಥಿಮಿತ್ರರೇ, ಎತ್ತರವು ಹುಟ್ಟಿನಿಂದ ಬರುವುದು. ಸಂಗಡಿಗರ ಗೆಲುವಿನಲ್ಲಿ ತನ್ನ ಗೆಲುವನ್ನು ಕಾಣುವ ಗುಣವು ಸಾಧನೆಯಿಂದ ಬರುವುದು. ಎಣಿಕೆಗೆ ಸಿಗದ ದುಡಿಮೆಯೂ ವ್ಯರ್ಥವಲ್ಲವೆಂಬುದಕ್ಕೆ ರಸೆಲ್ಲರೇ ಸಾಕ್ಷಿ.