ಬಾವಿಯ ಲೆಕ್ಕ, ಹಗ್ಗದ ಲೆಕ್ಕ

ನಾನು ಮತ್ತಿಕೆರೆಯವನು; ಹುಟ್ಟಿನಿಂದಲ್ಲ, ವಾಸದಿಂದ. ಮತ್ತಿಯ ಮರಗಳಿದ್ದ ಕೆರೆಯಿಂದ ಈ ಊರಿಗೆ ಹೆಸರು ಬಂದಿರಬೇಕೆಂದು ಊಹಿಸಿಕೊಳ್ಳುವುದು ನನಗೆ ಇಷ್ಟ. ಇಂದು ಮತ್ತಿಯ ಮರ ನನ್ನ ಕಣ್ಣಿಗೆ ಬಿದ್ದಿಲ್ಲ. ಕೆರೆಯನ್ನು ನೆನಪಿಸುವುದಕ್ಕೆ ಜಯಪ್ರಕಾಶ ನಾರಾಯಣ ಉದ್ಯಾನದೊಳಗಿನ ನೀರಿದೆ. ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕುಳಿತು ಎದ್ದವನಾದ್ದರಿಂದ, ದೊಡ್ಡ ಅಂಕಿಗಳನ್ನು ಕಂಡರೆ ಬೆರಗಾಗುವ ಬದಲು ಅವುಗಳನ್ನು ಯಾವುದರಿಂದಲಾದರೂ ಭಾಗಿಸಿ ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ಇಂದಿನ ಮಾತು ಆ ಚಾಳಿಯಿಂದ ಹುಟ್ಟಿದ್ದು.

ನನ್ನ ಅಕ್ಕ ನಾಗರಭಾವಿಯಲ್ಲಿದ್ದಾಳೆ. ತಿಂಗಳಿಗೊಮ್ಮೆಯಾದರೂ ಅವಳು ನಮ್ಮಲ್ಲಿಗೆ ಬರುವುದು, ಅಥವಾ ನಾನು ಅಲ್ಲಿಗೆ ಹೋಗುವುದು, ಬಹುಕಾಲದ ರೂಢಿ. ನಕ್ಷೆಯಲ್ಲಿ ಇದು ಅಂಥ ದೂರವೇನಲ್ಲ. ಆದರೆ ಎರಡು ಬಸ್ಸು ಹತ್ತಿ ಇಳಿಯಬೇಕು; ಹೊರವರ್ತುಲ ರಸ್ತೆಯ ವಾಹನಸಂದಣಿಯಲ್ಲಿ ಯಾವ ಬಸ್ಸು ಯಾವಾಗ ಬಂದೀತೆಂದು ಹೇಳಬಲ್ಲ ಜ್ಯೋತಿಷಿಯನ್ನು ನಾನು ಕಂಡಿಲ್ಲ. ಹಿಂದೆ ನಗರದ ಬಸ್ಸುಗಳು ಬಿ.ಟಿ.ಎಸ್. ಎಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ‘ಬಿಟ್ಟರೆ ತಿರುಗಿ ಸಿಗದು’ ಎಂದು ಆ ಅಕ್ಷರಗಳನ್ನು ಬಿಡಿಸುತ್ತಿದ್ದೆವು. 1997ರಲ್ಲಿ ಸಂಸ್ಥೆಯ ಹೆಸರು ಬದಲಾಯಿತು. ವಿನೋದ ಮಾತ್ರ ಹಳೆಯದಾಗಲಿಲ್ಲ.

ಹೀಗಿರುವಾಗ 2024ರ ಆಗಸ್ಟ್ 16ರಂದು ಕೇಂದ್ರ ಸಚಿವ ಸಂಪುಟವು ನಮ್ಮ ಮೆಟ್ರೋ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಎರಡು ಮಾರ್ಗಗಳು, ಒಟ್ಟು 44.65 ಕಿಲೋಮೀಟರು, 31 ನಿಲ್ದಾಣಗಳು, 15,611 ಕೋಟಿ ರೂಪಾಯಿ, 2029ರ ಗಡುವು. ಇವುಗಳಲ್ಲಿ ದೊಡ್ಡ ಮಾರ್ಗ ಜೆ.ಪಿ. ನಗರದಿಂದ ಹೊರಟು, ಹೊರವರ್ತುಲ ರಸ್ತೆಯನ್ನೇ ಹಿಡಿದು, ನಾಗರಭಾವಿ, ಸುಮನಹಳ್ಳಿ, ಪೀಣ್ಯ, ಬಿ.ಇ.ಎಲ್. ವೃತ್ತ, ಹೆಬ್ಬಾಳಗಳ ಮೇಲೆ ಕೆಂಪಾಪುರವನ್ನು ಸೇರುತ್ತದೆ. ಅಕ್ಕನ ಮನೆಯ ಹತ್ತಿರದಿಂದ ನನ್ನ ಮನೆಯ ಹತ್ತಿರಕ್ಕೆ, ಬಸ್ಸು ಬದಲಿಸದೆ! ಪತ್ರಿಕೆ ಹಿಡಿದು ಆ ದಿನವೇ ಅವಳಿಗೆ ದೂರವಾಣಿ ಮಾಡಿದೆ. ಅವಳು ಕೇಳಿದ್ದು ಒಂದೇ ಮಾತು: “ಎಂದಿಗೆ?”

ಬಂಡವಾಳ ಯೋಜನೆ ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಹಿತ್ತಲಲ್ಲಿ ಬಾವಿ ತೋಡಿಸುವ ಖರ್ಚು ಒಂದು. ಆ ಬಾವಿಯಿಂದ ದಿನವೂ ನೀರು ಸೇದುವುದಕ್ಕೆ ಬೇಕಾದ ಹಗ್ಗ, ರಾಟೆ, ಕೊಡ, ಮತ್ತು ಸೇದುವ ತೋಳು, ಇವುಗಳ ಖರ್ಚು ಇನ್ನೊಂದು. ಮೊದಲನೆಯದು ಬಂಡವಾಳ ವೆಚ್ಚ, ಎರಡನೆಯದು ನಿರ್ವಹಣಾ ವೆಚ್ಚ. ಬಾವಿ ತೋಡಿಸುವವನಿಗೆ ಸಾಲ ಕೊಡುವವರುಂಟು; ಮೊದಲ ಹಂತಕ್ಕೆ ನಮಗೆ ಜಪಾನಿನಿಂದ ಸಾಲ ಬಂದಿತ್ತು. ಶಂಕುಸ್ಥಾಪನೆಗೆ ದೊಡ್ಡವರು ಬರುತ್ತಾರೆ. ಹಗ್ಗ ಕೊಳ್ಳುವ ದಿನ ಯಾರೂ ಬರುವುದಿಲ್ಲ. ಆದ್ದರಿಂದಲೇ ಯೋಜನೆಯ ಪುಸ್ತಕವನ್ನು ಓದುವಾಗ ಹಗ್ಗ ಎಲ್ಲಿದೆ ಎಂದು ಹುಡುಕುವುದು ಓದುಗನ ಕೆಲಸವಾಗುತ್ತದೆ.

ಈಗ ಭಾಗಾಕಾರಕ್ಕೆ ಬರೋಣ. 15,611 ಕೋಟಿಯನ್ನು 44.65 ಕಿಲೋಮೀಟರಿಗೆ ಹಂಚಿದರೆ ಒಂದು ಮೀಟರಿಗೆ ಸುಮಾರು 35 ಲಕ್ಷ ರೂಪಾಯಿ. ಮೀಟರೆಂದರೆ ನನ್ನ ಒಂದೂವರೆ ಹೆಜ್ಜೆ. ಇದು ದುಂದು ಎಂದು ನಾನು ಹೇಳುತ್ತಿಲ್ಲ. ಕಂಬ, ತೊಲೆ, ಹಳಿ, ವಿದ್ಯುತ್ತು, ಸಂಜ್ಞೆ, ನಿಲ್ದಾಣ, ಬಂಡಿ, ಎಲ್ಲಕ್ಕಿಂತ ಮಿಗಿಲಾಗಿ ಭೂಮಿ, ಇವೆಲ್ಲ ಆ ಮೀಟರಿನೊಳಗೆ ಅಡಗಿವೆ. ಆದರೆ ಅಂದಾಜು ಅಂದಾಜೇ. ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ದೊರೆತಾಗ 33 ಕಿಲೋಮೀಟರಿಗೆ 6,395 ಕೋಟಿ ಎಂದಿತ್ತು, ಮುಗಿಯುವಾಗ 42.3 ಕಿಲೋಮೀಟರಿಗೆ 13,845 ಕೋಟಿಯಾಯಿತು. ಮಾರ್ಗ ಕಾಲುಭಾಗಕ್ಕಿಂತ ತುಸು ಹೆಚ್ಚು ಬೆಳೆಯಿತು, ವೆಚ್ಚ ಇಮ್ಮಡಿಯನ್ನು ಮೀರಿತು. ಬೆಲೆಗಳು ಏರಿದ್ದು ನಿಜ. ಅವು ಏರಲು ಬಿಟ್ಟ ವರ್ಷಗಳೂ ನಿಜ. ತಡವೆಂಬುದೇ ಒಂದು ವೆಚ್ಚ, ಆದರೆ ಅದಕ್ಕೆ ಲೆಕ್ಕದ ಪುಸ್ತಕದಲ್ಲಿ ಬೇರೆ ಕಲಮು ಇರುವುದಿಲ್ಲ.

ಅಕ್ಕ ಕೇಳಿದ ಪ್ರಶ್ನೆಗೂ ಇದರಲ್ಲೇ ಉತ್ತರದ ಸುಳಿವಿದೆ. ಮೊದಲ ಹಂತಕ್ಕೆ ಶಂಕುಸ್ಥಾಪನೆಯಾದದ್ದು 2006ರ ಜೂನಿನಲ್ಲಿ, ಪೂರ್ತಿ ತೆರೆದದ್ದು 2017ರ ಜೂನಿನಲ್ಲಿ. ಹನ್ನೊಂದು ವರ್ಷಕ್ಕೆ 42.3 ಕಿಲೋಮೀಟರು, ವರ್ಷಕ್ಕೆ ನಾಲ್ಕು ಕೂಡ ತುಂಬಲಿಲ್ಲ. ಎರಡನೆಯ ಹಂತಕ್ಕೆ 2014ರಲ್ಲಿ ಕೇಂದ್ರದ ಒಪ್ಪಿಗೆಯಾಯಿತು. ಅದರ ಚಿಕ್ಕ ತುಂಡುಗಳಲ್ಲೊಂದಾದ ನಾಗಸಂದ್ರ–ಮಾದಾವರ, ಮೂರು ಚಿಲ್ಲರೆ ಕಿಲೋಮೀಟರು, 2024ರ ನವೆಂಬರಿನಲ್ಲಿ ತೆರೆಯಿತು. ಮೂರನೆಯ ಹಂತಕ್ಕೆ ಶಂಕುಸ್ಥಾಪನೆ 2025ರ ಆಗಸ್ಟ್ 10ರಂದು ನಡೆಯಿತು. 2029ರೊಳಗೆ 44.65 ಕಿಲೋಮೀಟರು ಮುಗಿಯಬೇಕಾದರೆ ಕೆಲಸ ಮೊದಲಿನ ವೇಗದ ಎರಡು ಮೂರು ಪಟ್ಟು ಓಡಬೇಕು. ಓಡಲಿ ಎಂದು ಹಾರೈಸುತ್ತೇನೆ. 2029ಕ್ಕೆ ಅಕ್ಕನಿಗೆ 85 ತುಂಬುತ್ತದೆ.

ಬಾವಿ ಸಿದ್ಧವಾಗಿಯೂ ಹಗ್ಗವಿಲ್ಲದಿದ್ದರೆ ಏನಾಗುವುದೆಂಬುದನ್ನು ಇತ್ತೀಚೆಗಷ್ಟೇ ಕಂಡೆವು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರಿನ ಹಳದಿ ಮಾರ್ಗ. ಕಂಬಗಳು ನಿಂತವು, ಹಳಿ ಬಿತ್ತು; ಓಡಬೇಕಾದ ಬಂಡಿಗಳು ಮಾತ್ರ ಬರಲಿಲ್ಲ. ಕೊನೆಗೆ 2025ರ ಆಗಸ್ಟಿನಲ್ಲಿ ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು. 25 ನಿಮಿಷಕ್ಕೊಂದರಂತೆ ಸಂಚಾರ ಆರಂಭವಾಯಿತು. ಸಾವಿರಾರು ಕೋಟಿಯ ಕಟ್ಟಡ ಬಂಡಿಗಾಗಿ ದಾರಿ ನೋಡುತ್ತ ನಿಂತಿತ್ತು.

ದೂರುವುದಕ್ಕಷ್ಟೇ ಬಾಯಿ ತೆರೆಯಬಾರದು. ಇದೇ ಸಂಸ್ಥೆಯ ಇನ್ನೊಂದು ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. 2011ರಲ್ಲಿ ಮೊದಲ ರೈಲು ಓಡಿದಾಗ ಅದಕ್ಕೆ ಮೂರೇ ಡಬ್ಬಿಗಳಿದ್ದವು. ನಿಲ್ದಾಣದ ಕಟ್ಟೆಗಳನ್ನು ಮಾತ್ರ ಆರು ಡಬ್ಬಿಗಳಿಗೆ ಹೊಂದುವಂತೆ ಕಟ್ಟಿದ್ದರು. ಅರ್ಧ ಕಟ್ಟೆ ಬರಿದಾಗಿ ಬಿದ್ದಿದ್ದನ್ನು ಕಂಡು ‘ಇಷ್ಟೇಕೆ?’ ಎಂದವರಲ್ಲಿ ನಾನೂ ಒಬ್ಬ. 2018ರಲ್ಲಿ ಆರು ಡಬ್ಬಿಯ ರೈಲು ಬಂದಾಗ ಗೋಡೆ ಒಡೆಯಬೇಕಾಗಲಿಲ್ಲ. ನಾಳೆಯ ಜನಸಂದಣಿಗೆ ಇಂದೇ ಜಾಗ ಬಿಟ್ಟಿಡುವುದು ಬಂಡವಾಳದ ಸಾರ್ಥಕ ಬಳಕೆ. ನಾನು ಅಂದು ಆಡಿದ ಮಾತನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ.

ಸಾಲ ಮಾಡಿ ತೋಡಿದ ಬಾವಿಯ ಸಾಲ ತೀರಬೇಕಷ್ಟೆ. ಅದು ಸರ್ಕಾರದ ಬೊಕ್ಕಸದಿಂದ ತೀರಬಹುದು, ಇಲ್ಲವೇ ಪ್ರಯಾಣಿಕನ ಜೇಬಿನಿಂದ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತು; ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಇತ್ತ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ಹಾಗಾದರೆ ನನ್ನ ಅಕ್ಕ ಒಂದು ದಿನ ನಾಗರಭಾವಿಯ ವೃತ್ತದಲ್ಲಿ ನಿಂತು, ಮೇಲೆ ಹಣ ಕೊಟ್ಟು ಹೋಗುವ ರೈಲನ್ನೂ ಕೆಳಗೆ ಹಣವಿಲ್ಲದೆ ಹೋಗುವ ಬಸ್ಸನ್ನೂ ತೂಗಿ ನೋಡುವಳು. ಅವಳನ್ನು ಬಲ್ಲ ನನಗೆ ಅವಳು ಯಾವುದನ್ನು ಹತ್ತುವಳೆಂಬುದರಲ್ಲಿ ಸಂದೇಹವಿಲ್ಲ. ಎರಡು ಸಾರಿಗೆಗಳಿಗೂ ಹಣ ಬರುವುದು ಕೊನೆಗೆ ಒಂದೇ ಸಮಾಜದಿಂದ; ಆದರೆ ಒಂದರ ಯೋಜನೆಯನ್ನು ಬರೆಯುವಾಗ ಇನ್ನೊಂದರ ಪುಸ್ತಕ ಮೇಜಿನ ಮೇಲೆ ಇರುತ್ತದೆಯೇ?

ಯೋಜನೆಗಳಿಗೆ ಒಪ್ಪಿಗೆ ಕೊಡುವ ಬಗೆಯನ್ನೂ ಇಲ್ಲಿ ಹೇಳಬೇಕು. 2017ರ ರಾಷ್ಟ್ರೀಯ ಮೆಟ್ರೋ ರೈಲು ನೀತಿಯ ಪ್ರಕಾರ, ಹಾಕಿದ ಹಣಕ್ಕೆ ಸಮಾಜಕ್ಕೆ ದೊರೆಯುವ ಪ್ರತಿಫಲ ಶೇಕಡ 14ಕ್ಕೆ ಕಡಿಮೆಯಿರಬಾರದು. ಇದು ಟಿಕೆಟ್ಟಿನ ಆದಾಯವಲ್ಲ. ಜನರಿಗೆ ಉಳಿಯುವ ಸಮಯ, ಉಳಿಯುವ ಇಂಧನ, ತಪ್ಪುವ ಅಪಘಾತ, ತಿಳಿಯಾಗುವ ಗಾಳಿ, ಇವಕ್ಕೆಲ್ಲ ಬೆಲೆ ಕಟ್ಟಿ ಕೂಡಿಸಿದ ಮೊತ್ತ. ಅಂದರೆ ವರದಿಯ ಯಾವುದೋ ಪುಟದಲ್ಲಿ ನನ್ನ ಅಕ್ಕನಂಥವರ ಅರ್ಧ ಗಂಟೆಯೂ ರೂಪಾಯಿಯಾಗಿ ಕುಳಿತಿದೆ. ಈ ವಿಧಾನ ನನಗೆ ಒಪ್ಪಿಗೆಯೇ. ಆದರೆ ರೈಲಿನಲ್ಲಿ ಉಳಿದ ಅರ್ಧ ಗಂಟೆ ನಿಲ್ದಾಣ ಮುಟ್ಟುವುದರಲ್ಲೇ ಕರಗಿಹೋದರೆ, ಆ ರೂಪಾಯಿಗಳು ಕಾಗದದ ಮೇಲಿನವೇ ಸರಿ.

ನಮ್ಮ ಬಡಾವಣೆಯ ಸ್ಥಿತಿ ವಿಚಿತ್ರವಾದುದು. ಪಶ್ಚಿಮಕ್ಕೆ, ತುಮಕೂರು ರಸ್ತೆಯ ಮೇಲೆ, 2014ರ ಮಾರ್ಚಿನಿಂದ ಹಸಿರು ಮಾರ್ಗ ಓಡುತ್ತಿದೆ. ಯಶವಂತಪುರವೂ ಸ್ಯಾಂಡಲ್ ಸೋಪ್ ಕಾರ್ಖಾನೆಯೂ ಅದರ ನಿಲ್ದಾಣಗಳು. ಉತ್ತರಕ್ಕೆ ಬಿ.ಇ.ಎಲ್. ವೃತ್ತದಲ್ಲಿ ಮೂರನೆಯ ಹಂತ ಬರಲಿದೆ. ಇನ್ನೊಂದು ಬದಿಗೆ ಯಶವಂತಪುರದಿಂದ ಲೊಟ್ಟೆಗೊಲ್ಲಹಳ್ಳಿಗೆ ಹೋಗುವ ರೈಲುಹಳಿ. ರಾತ್ರಿ ನಿದ್ದೆ ಬಾರದಾಗ ಅದರ ಸಿಳ್ಳೆಯೇ ನನಗೆ ಗಡಿಯಾರ. ಆ ಹಳಿಯ ಪಕ್ಕದಲ್ಲಿ ಬರಬೇಕಾದದ್ದು ಉಪನಗರ ರೈಲಿನ ಮಲ್ಲಿಗೆ ಮಾರ್ಗ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರಿಟ್ಟವರು ರಸಿಕರೇ ಇರಬೇಕು. ಆದರೆ ಈ ಹೂಗಳು ಅರಳುವುದು ಬಹಳ ತಡ. ಬೆಂಗಳೂರಿಗೆ ಉಪನಗರ ರೈಲು ಬೇಕೆಂದು ದಕ್ಷಿಣ ರೈಲ್ವೆಯ ತಂಡವೊಂದು ಹೇಳಿದ್ದು 1983ರಲ್ಲಿ. ಯೋಜನೆಗೆ ಕೇಂದ್ರದ ಒಪ್ಪಿಗೆ 2020ರಲ್ಲಿ. ಶಂಕುಸ್ಥಾಪನೆ 2022ರ ಜೂನಿನಲ್ಲಿ. ನಲವತ್ತು ತಿಂಗಳಲ್ಲಿ ಮುಗಿಸುವ ಮಾತು ಅಂದು ಕೇಳಿಬಂದಿತ್ತು. 2025ರ ಅಕ್ಟೋಬರಿಗೆ ಆ ತಿಂಗಳುಗಳು ತೀರಿದಾಗ ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ.

ಇದರ ಅಂದಾಜು 148.17 ಕಿಲೋಮೀಟರಿಗೆ 15,767 ಕೋಟಿ. ಭಾಗಿಸಿ ನೋಡಿ: ಮೀಟರಿಗೆ ಹತ್ತೂವರೆ ಲಕ್ಷದ ಆಸುಪಾಸು. ಮೆಟ್ರೋದ ಮೂರನೆಯ ಹಂತದ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಎರಡು ಅಂದಾಜುಗಳ ವರ್ಷ ಬೇರೆ, ಕಟ್ಟುವ ಬಗೆಯೂ ಬೇರೆ. ಹಾಗಾಗಿ ಇವುಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೀರ್ಪು ಕೊಡಲಾಗದು. ಆದರೂ ರೈಲ್ವೆಯ ಜಾಗ ಹಳಿಯ ಬದಿಯಲ್ಲಿ ಇದ್ದೇ ಇದೆ ಎಂಬುದು ಸಾಮಾನ್ಯ ಲಾಭವಲ್ಲ. ಅಗ್ಗದ ಯೋಜನೆ ಹಿಂದೆ ಬಿದ್ದು ದುಬಾರಿ ಯೋಜನೆ ಮುಂದೆ ಹೋಗುವುದನ್ನು ಕಾರ್ಖಾನೆಯ ಲೆಕ್ಕದವನಾಗಿ ನಾನೂ ಕಂಡಿದ್ದೇನೆ. ಅಗ್ಗದ್ದಕ್ಕಾಗಿ ಹಟ ಹಿಡಿಯುವ ಹಿರಿಯ ಅಧಿಕಾರಿ ಇಲ್ಲದಿದ್ದರೆ ಹಾಗೆಯೇ ಆಗುತ್ತದೆ.

ಮೂರನೆಯ ಹಂತದ ಬಗ್ಗೆ ಇನ್ನೊಂದು ಮಾತು. ರಾಗಿಗುಡ್ಡದ ಬಳಿ ಮಾಡಿದಂತೆ ಇಲ್ಲಿಯೂ ಮೆಟ್ರೋದ ಕಂಬಗಳ ಮೇಲೆಯೇ ಮೋಟಾರು ವಾಹನಗಳಿಗೆ ಮೇಲುರಸ್ತೆ ಕಟ್ಟುವ ಆಲೋಚನೆ ಬಂದಿದೆ. ಜನ ಕಾರನ್ನು ಮನೆಯಲ್ಲಿ ಬಿಟ್ಟು ಬರಲೆಂದು ರೈಲು, ಅದೇ ಕಂಬದ ಮೇಲೆ ಕಾರಿಗೆ ಹೊಸ ದಾರಿ! ಒಂದೇ ಕೈಯಲ್ಲಿ ಪಥ್ಯವನ್ನೂ ಹೋಳಿಗೆಯನ್ನೂ ಬಡಿಸುವ ಈ ಔದಾರ್ಯ ನನಗೆ ಅರ್ಥವಾಗುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಈ ಮಾರ್ಗಗಳ ನಡುವಣ ಜಾಗ. ಯಶವಂತಪುರದಲ್ಲಿ ಮೆಟ್ರೋ ನಿಲ್ದಾಣವೂ ರೈಲು ನಿಲ್ದಾಣವೂ ಕೂಗಳತೆಯಲ್ಲಿವೆ. ಆದರೂ ಮೆಟ್ರೋ ಬಂದು ವರ್ಷಗಳು ಕಳೆದ ಮೇಲೆಯೇ ಎರಡನ್ನೂ ಕೂಡಿಸುವ ಕಾಲುಸೇತುವೆ ಬಳಕೆಗೆ ಬಂತು. ಅಲ್ಲಿಯವರೆಗೆ ಗಂಟುಮೂಟೆ ಹೊತ್ತವರು ಬೀದಿಗಿಳಿದೇ ದಾಟಬೇಕಾಗಿತ್ತು. ನೂರಾರು ಕೋಟಿಯ ಎರಡು ಕಟ್ಟಡಗಳ ನಡುವೆ ಕೆಲವೇ ಮೀಟರುಗಳ ಸೇತುವೆ. ಅದು ಯಾರ ಬಾವಿಗೂ ಸೇರಿದ್ದಲ್ಲ, ಆದ್ದರಿಂದ ಯಾರ ಲೆಕ್ಕದಲ್ಲೂ ಮೊದಲ ಸಾಲಿಗೆ ಬರುವುದಿಲ್ಲ. ಹೆಬ್ಬಾಳದಲ್ಲಿ ವಿಮಾನ ನಿಲ್ದಾಣದ ಮೆಟ್ರೋ, ಮೂರನೆಯ ಹಂತದ ಮೆಟ್ರೋ, ಮಲ್ಲಿಗೆ ಮಾರ್ಗ, ಮೂರೂ ಸೇರಬೇಕಾಗಿವೆ. ಅದಕ್ಕೆಂದು ಮೆಟ್ರೋ ಸಂಸ್ಥೆ ಅಲ್ಲಿ 45 ಎಕರೆ ಜಾಗ ಕೇಳಿತು. ಮೊತ್ತ ಎಷ್ಟೇ ದೊಡ್ಡದಾಗಲಿ, ಈ ಒಂದು ಬೇಡಿಕೆಯನ್ನು ನಾನು ಚೌಕಾಸಿಯಿಲ್ಲದೆ ಒಪ್ಪುತ್ತೇನೆ. ಕೂಡುವ ಜಾಗಕ್ಕೆ ಹಾಕಿದ ಹಣ ಮೂರೂ ಮಾರ್ಗಗಳಿಗೆ ಹಾಕಿದಂತೆ. ಎಲ್ಲ ಸಾರಿಗೆಗಳನ್ನೂ ಒಂದೇ ಕಣ್ಣಿನಿಂದ ನೋಡಲೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಶಾಸನ 2022ರಲ್ಲಿ ಆಯಿತು. ಆ ಕಣ್ಣು ಮೊದಲು ಕಾಲುಸೇತುವೆಗಳನ್ನೂ ಬಸ್ಸು ನಿಲ್ಲುವ ಜಾಗಗಳನ್ನೂ ನೋಡಲಿ ಎಂಬುದು ನನ್ನ ಅರಿಕೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ನಾನೇ ಅಳೆಯಲು ಹೊರಟೆ. ಮನೆಯ ಬಾಗಿಲಿನಿಂದ ಉದ್ಯಾನದ ಪಕ್ಕದಲ್ಲಿ ಹಾದು ಬಿ.ಇ.ಎಲ್. ವೃತ್ತಕ್ಕೆ. ಹೆಜ್ಜೆಗಳು 2,900; ಹಿಡಿದ ಸಮಯ 41 ನಿಮಿಷ. ಕಾಲುದಾರಿಯ ಹಾಸುಗಲ್ಲು ಎದ್ದಿದ್ದ ಕಡೆ ಹದಿನಾಲ್ಕು. ಕಾಲುದಾರಿಯೇ ಇಲ್ಲದೆ ರಸ್ತೆಗಿಳಿದ ಕಡೆ ಆರು. ದಾಟುವುದಕ್ಕೆ ಯಾರದಾದರೂ ತೋಳು ಹಿಡಿಯಬೇಕೆನಿಸಿದ ಕಡೆ ಎರಡು. ನಡುವೆ ಕುಳಿತುಕೊಳ್ಳುವುದಕ್ಕೆ ಒಂದು ಕಟ್ಟೆ ಸಿಕ್ಕಿತು, ಅದೂ ಮುಚ್ಚಿದ ಅಂಗಡಿಯದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಸಂಬಂಧಪಟ್ಟ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಒಂದು ಪ್ರತಿಯನ್ನು ಅಕ್ಕನಿಗೂ ಕಳಿಸಿದೆ. ತನ್ನ ಬದಿಯ ದಾರಿಯನ್ನು ಅವಳು ಅಳೆಯುತ್ತಿದ್ದಾಳಂತೆ; ಊರುಗೋಲು ಹಿಡಿದು, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ.