ಗಾಜಿನ ಅಂಚಿನ ತುಕ್ಕು

ಮಕ್ಕಳೇ, ಹೇಮಾವತಿಯ ಸಿದ್ಧೇಶ್ವರ ದೇವಸ್ಥಾನವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹೇಮಾವತಿಯ ಹಳೆಯ ಹೆಸರು ಹೆಂಜೇರು. ಅದು ನೊಳಂಬ ಅರಸರ ರಾಜಧಾನಿಯಾಗಿತ್ತು. ಅವರ ಕಾಲದ ಕಲ್ಲಿನ ಕಂಬಗಳು ಸಾವಿರ ವರ್ಷ ಕಳೆದರೂ ನುಣುಪಾಗಿ ನಿಂತಿವೆ. ಈಗ ದೇವರ ದರ್ಶನಕ್ಕೆ ಬಂದು ಮರದ ನೆರಳಿನಲ್ಲಿ ನಿಂತಿರುವ ಒಂದು ಹಳೆಯ ಕಾರಿನ ಹತ್ತಿರ ಹೋಗಿ ನೋಡಿ. ಮುಂದಿನ ಗಾಜಿನ ಸುತ್ತಲೂ ಕಪ್ಪು ರಬ್ಬರಿನ ಪಟ್ಟಿ ಇದೆ. ಅದನ್ನು ಬೀಡಿಂಗ್ ಎನ್ನುತ್ತಾರೆ. ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಬಣ್ಣದ ಮೇಲೆ ಎದ್ದಿವೆಯೇ? ಸುತ್ತಲೂ ಇಟ್ಟಿಗೆ ಬಣ್ಣದ ಕಲೆ ಇಳಿದಿದೆಯೇ? ಅದೇ ತುಕ್ಕು.

ಕಲ್ಲಿಗೆ ಹಿಡಿಯದ ತುಕ್ಕು ಕಬ್ಬಿಣಕ್ಕೆ ಏಕೆ ಹಿಡಿಯುತ್ತದೆ? ಮೂರು ಹೊಸ ಮೊಳೆಗಳನ್ನು ತೆಗೆದುಕೊಳ್ಳಿ. ಒಂದನ್ನು ಚೆನ್ನಾಗಿ ಒಣಗಿದ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ಎರಡನೆಯದನ್ನು ಲೋಟದಲ್ಲಿಟ್ಟು, ಅರ್ಧ ಮುಳುಗುವಂತೆ ನೀರು ಹಾಕಿ. ಮೂರನೆಯದನ್ನು ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಮುಳುಗಿಸಿ, ನೀರಿನ ಮೇಲೆ ಎರಡು ಚಮಚ ಕಡಲೆಕಾಯಿ ಎಣ್ಣೆ ಹಾಕಿ. ನಾಲ್ಕೈದು ದಿನಗಳ ಮೇಲೆ ನೋಡಿ. ಎರಡನೆಯ ಮೊಳೆಗೆ ಮಾತ್ರ ಚೆನ್ನಾಗಿ ತುಕ್ಕು ಹಿಡಿದಿರುತ್ತದೆ. ಮೊದಲನೆಯದಕ್ಕೆ ಗಾಳಿ ಇತ್ತು, ನೀರಿರಲಿಲ್ಲ. ಮೂರನೆಯದಕ್ಕೆ ನೀರಿತ್ತು, ಆದರೆ ಕುದಿಸಿದಾಗ ನೀರಿನೊಳಗಿನ ಗಾಳಿ ಹೊರಗೆ ಹೋಗಿತ್ತು. ಹೊಸ ಗಾಳಿಯನ್ನು ಎಣ್ಣೆ ತಡೆಯಿತು. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಸೇರಿದಾಗಲೇ ತುಕ್ಕು ಹುಟ್ಟುತ್ತದೆ. ಸುಗ್ಗಿ ಮುಗಿದ ಮೇಲೆ ಅಜ್ಜ ಕುಡುಗೋಲಿಗೆ ಎಣ್ಣೆ ಸವರಿ ಸೂರಿಗೆ ಸಿಕ್ಕಿಸುವುದು ಇದೇ ಕಾರಣಕ್ಕೆ.

ಅಮ್ಮನ ಅಲ್ಯೂಮಿನಿಯಂ ಪಾತ್ರೆಗೂ ಗಾಳಿ ತಗಲುತ್ತದೆ. ಅದರ ಮೇಲೂ ಒಂದು ತೆಳು ಪೊರೆ ಬೆಳೆಯುತ್ತದೆ. ಆ ಪೊರೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲ, ಪುಡಿಪುಡಿ. ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಅದು ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ, ಗುಳ್ಳೆ ಏಳುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆಯಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಕಂಬದ ಮೇಲೆ ಬಿಗಿಯಾದ ಒಂದು ಪೊರೆ ಬೆಳೆದು ಕಾಯುತ್ತಿದೆ. ನಮ್ಮ ಕಾರಿನ ತಗಡಿಗೆ ಅಂಥ ಭಾಗ್ಯವಿಲ್ಲ. ಬಣ್ಣವೇ ಅದರ ಹೊದಿಕೆ.

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಹೇಮಾವತಿ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ; ಅದಕ್ಕೆ ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು. ಆ ಹಳೆಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 55 ಸೆಂಟಿಮೀಟರ್ ಮಾತ್ರ. ಮಂಗಳೂರು, ಕಾಸರಗೋಡುಗಳಲ್ಲಿ ಮಳೆಯೂ ಹೆಚ್ಚು, ಸಮುದ್ರದ ಉಪ್ಪುಗಾಳಿಯೂ ಇದೆ. ಉಪ್ಪು ಸೇರಿದರೆ ತುಕ್ಕು ಬೇಗ ಹರಡುತ್ತದೆ. ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆ 1914ರಲ್ಲಿ ತೆರೆಯಿತು. ಎಷ್ಟೇ ಬಣ್ಣ ಬಳಿದರೂ ಉಪ್ಪುಗಾಳಿ ಅದನ್ನು ಬಿಡಲಿಲ್ಲ. 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲುಗಳ ಓಡಾಟ ನಿಂತಿತು. 2025ರ ಏಪ್ರಿಲ್‌ನಲ್ಲಿ ಪಕ್ಕದಲ್ಲೇ ಹೊಸ ಸೇತುವೆ ತೆರೆಯಿತು.

ಹಾಗಾದರೆ ನಮ್ಮ ಒಣ ಸೀಮೆಯ ಕಾರಿಗೆ, ಅದೂ ಗಾಜಿನ ಅಂಚಿಗೇ, ತುಕ್ಕು ಹೇಗೆ ಬಂತು? ಕಾರು ನಿಂತ ಮರವನ್ನು ನೋಡಿ. ಹೊಂಗೆಯ ಹೂವು, ಬೇವಿನ ಎಲೆ, ದೂಳು ಎಲ್ಲವೂ ಗಾಜಿನ ಕೆಳಗಿನ ಸಂದಿಗೆ ಇಳಿಯುತ್ತವೆ. ಅಲ್ಲಿ ಕೊಳೆತು ಒದ್ದೆ ಬಟ್ಟೆಯಂತೆ ಕೂರುತ್ತವೆ. ಬಿಸಿಲಿಗೆ ರಬ್ಬರ್ ಒಣಗಿ ಬಿರಿಯುತ್ತದೆ. ಬಿರುಕಿನೊಳಗೆ ಇಳಿದ ನೀರು ಮೇಲಿನ ಬಿಸಿಲಿಗೆ ಸಿಕ್ಕುವುದೇ ಇಲ್ಲ. ಗಾಜು ಬದಲಾಯಿಸುವಾಗ ಸ್ಕ್ರೂಡ್ರೈವರ್ ತಗಲಿ ಬಣ್ಣ ಕಿತ್ತಿದ್ದರಂತೂ ತುಕ್ಕಿಗೆ ಬಾಗಿಲು ತೆರೆದಂತೆ.

ಇದನ್ನು ಬರಿಯ ಅಂದದ ಮಾತೆಂದು ತಿಳಿಯಬೇಡಿ. ಕಾರಿನ ತಗಡಿನ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಈಗಿನ ಕಾರುಗಳಲ್ಲಿ ಮುಂದಿನ ಗಾಜನ್ನು ಗಟ್ಟಿ ಅಂಟಿನಿಂದ ಆ ತಗಡಿಗೇ ಕೂರಿಸಿರುತ್ತಾರೆ. ಕಾರು ಮಗುಚಿ ಬಿದ್ದರೆ ಮೇಲ್ಛಾವಣಿ ಕುಸಿಯದಂತೆ ತಡೆಯಲು ಈ ಗಾಜೂ ಹೆಗಲು ಕೊಡುತ್ತದೆ. ಅಂಟಿನ ಕೆಳಗಿನ ತಗಡೇ ಪುಡಿಯಾಗಿದ್ದರೆ ಗಾಜು ಯಾವುದನ್ನು ಹಿಡಿದು ನಿಲ್ಲಬೇಕು?

ತುಕ್ಕು ಮೇಲ್ಮೈಯಲ್ಲಿ ಮಾತ್ರ ಇರುವಾಗ ಅದನ್ನು ತೆಗೆಯುವುದು ಕಷ್ಟವಲ್ಲ. ಬಲ್ಲ ಕೆಲಸಗಾರರು ಹೇಗೆ ಮಾಡುತ್ತಾರೆ ನೋಡಿ. ಮೊದಲು ಅಂಚನ್ನು ತೊಳೆದು ಚೆನ್ನಾಗಿ ಒಣಗಿಸುತ್ತಾರೆ. ಗಾಜಿಗೆ ಗೀರು ಬೀಳದಂತೆ ಕಾಗದದ ಟೇಪು ಅಂಟಿಸುತ್ತಾರೆ. ರಬ್ಬರಿನ ತುಟಿಯನ್ನು ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಎತ್ತುತ್ತಾರೆ. ಆಗ ಒಂದು ಸಂಗತಿ ಗೊತ್ತಾಗುತ್ತದೆ: ಹೊರಗೆ ಕಂಡದ್ದು ಸಾಸಿವೆ ಕಾಳು, ಒಳಗೆ ಇರುವುದು ಹುಣಸೆ ಬೀಜದಷ್ಟು! ಕಂಡಷ್ಟನ್ನು ಮಾತ್ರ ತಿಕ್ಕಿದರೆ ಸಾಲದು.

ಆಮೇಲೆ ಉಪ್ಪುಕಾಗದದಿಂದ ತಿಕ್ಕಬೇಕು. ಮೊದಲು ಒರಟು ಕಾಗದ, ನಂತರ ನಯವಾದದ್ದು. ಬೆಳ್ಳಿಯಂತೆ ಹೊಳೆಯುವ ಲೋಹ ಕಾಣುವವರೆಗೆ ಬಿಡಬಾರದು. ಸುತ್ತಲಿನ ಗಟ್ಟಿ ಬಣ್ಣದ ಅಂಚನ್ನೂ ಇಳಿಜಾರಾಗಿ ತಿಕ್ಕಬೇಕು. ಇಲ್ಲದಿದ್ದರೆ ಹೊಸ ಬಣ್ಣ ಅಲ್ಲಿಂದಲೇ ಏಳುತ್ತದೆ. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಒಂದು ದ್ರಾವಣ ಹಚ್ಚುತ್ತಾರೆ. ಅದು ಕೆಂಪು ತುಕ್ಕನ್ನು ಕಪ್ಪಾಗಿಸಿ ಗಟ್ಟಿ ಮಾಡುತ್ತದೆ. ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಅಲಗು ಕಪ್ಪಾಗುವುದನ್ನು ನೀವು ಕಂಡಿದ್ದೀರಿ. ಕಾಯಿಯ ಒಗರು ಕಬ್ಬಿಣದೊಡನೆ ಸೇರಿದ ಗುರುತು ಅದು. ಇಂಥ ಕೆಲವು ದ್ರಾವಣಗಳಲ್ಲಿ ಇರುವುದೂ ಆ ಒಗರೇ. ಹಿಂದಿನವರು ಅಳಲೆಕಾಯಿಯ ಒಗರಿಗೆ ಕಬ್ಬಿಣದ ಅಂಶ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರು. ಹುಣಸೆಹಣ್ಣು ತಿಕ್ಕಿದರೂ ತುಕ್ಕು ಹೋಗುತ್ತದೆ, ನಿಜ. ಆದರೆ ಅದರ ಹುಳಿ ಸಂದಿಯಲ್ಲಿ ಉಳಿದರೆ ಮತ್ತೆ ತುಕ್ಕು ಬರುತ್ತದೆ. ಅದು ಚೆನ್ನಾಗಿ ತೊಳೆಯಬಹುದಾದ ಬಾಣಲೆಗೆ ಸರಿ, ಕಾರಿನ ಸಂದಿಗೆ ಬೇಡ.

ಹೊಳೆಯುವ ಲೋಹವನ್ನು ಬರಿಗೈಯಿಂದ ಮುಟ್ಟಬಾರದು. ನಮ್ಮ ಬೆವರಿನಲ್ಲೂ ಉಪ್ಪಿದೆಯಲ್ಲವೇ? ನಾಳೆ ಬಣ್ಣ ಹಚ್ಚೋಣ ಎಂದು ಬಿಡಲೂಬಾರದು. ರಾತ್ರಿಯ ಇಬ್ಬನಿ ಸಾಕು, ಬೆಳಗಾಗುವಷ್ಟರಲ್ಲಿ ಕೆಂಪು ಕಲೆ ಕಾಣುತ್ತದೆ. ಅಂದೇ ರೆಡ್ ಆಕ್ಸೈಡ್ ಬಳಿಯಬೇಕು. ಕಿಟಕಿಯ ಸರಳುಗಳಿಗೆ ಹಚ್ಚುವ ಕೆಂಪು ಬಣ್ಣ ಇದೇ. ಇದರಲ್ಲೊಂದು ತಮಾಷೆ ಇದೆ. ಆ ಕೆಂಪು ಪುಡಿಯೂ ಕಬ್ಬಿಣ ಆಮ್ಲಜನಕದೊಡನೆ ಸೇರಿ ಆದದ್ದೇ, ತುಕ್ಕಿನ ಹತ್ತಿರದ ನೆಂಟ! ಅದು ಇನ್ನು ತುಕ್ಕಾಗಲು ಉಳಿದಿಲ್ಲ. ಎಣ್ಣೆಯಲ್ಲಿ ಕಲಸಿ ಬಳಿದಾಗ ನೀರಿಗೆ ಅಡ್ಡವಾಗಿ ನಿಲ್ಲುತ್ತದೆ. ಅದು ಒಣಗಿದ ಮೇಲೆ ಕಾರಿನ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚುತ್ತಾರೆ.

ತಗಡು ತೂತಾಗಿದ್ದರೆ ಮಾತು ಬೇರೆ. ಆಗ ಗಾಜು ತೆಗೆದು, ಕೊಳೆತ ಭಾಗ ಕತ್ತರಿಸಿ, ಹೊಸ ತಗಡು ಬೆಸೆಯಬೇಕು. ಅದು ಟಿಂಕರಿಂಗ್ ಅಂಗಡಿಯ ಕೆಲಸ. ಕೆಲವರು ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಡುತ್ತಾರೆ. ಎರಡು ಮಳೆಗಾಲದವರೆಗೆ ಚೆಂದವಾಗಿ ಕಾಣುತ್ತದೆ. ನನಗೆ ಅದು ಹುಣ್ಣು ಮುಚ್ಚಿ ಅಂಗಿ ತೊಟ್ಟಂತೆ ಕಾಣುತ್ತದೆ.

ಈ ಕೆಲಸವನ್ನು ನೀವು ಕಾರಿನ ಮೇಲೆ ಮಾಡಲು ಹೋಗಬೇಡಿ. ತುಕ್ಕಿನ ಪುಡಿ ಕಣ್ಣಿಗೆ, ಮೂಗಿಗೆ ಹೋಗಬಾರದು. ಬಣ್ಣಕ್ಕೆ ಬೆರೆಸುವ ತಿನ್ನರಿಗೆ ಬೇಗ ಬೆಂಕಿ ಹತ್ತುತ್ತದೆ. ನಿಮ್ಮ ಸೈಕಲ್ಲಿನ ಮಡ್‌ಗಾರ್ಡ್ ಇದೆಯಲ್ಲ, ಅದನ್ನು ದೊಡ್ಡವರನ್ನು ಜೊತೆಗಿಟ್ಟುಕೊಂಡು ತಿಕ್ಕಿ ನೋಡಿ. ಕಾರಿನ ಸಂದಿಯಲ್ಲಿ ಬಿದ್ದ ಹೂವು, ಎಲೆಗಳನ್ನು ಆರಿಸಿ ತೆಗೆಯುವುದನ್ನು ಮಾತ್ರ ನೀವೇ ಮಾಡಬಹುದು.

ಬಣ್ಣ ಪೂರ್ತಿ ಒಣಗಿ, ಬೀಡಿಂಗ್ ಮತ್ತೆ ಕೂರಿಸಿದ ಮೇಲೆ ಕೆಲಸಗಾರರು ಒಂದು ಪರೀಕ್ಷೆ ಮಾಡುತ್ತಾರೆ. ಒಬ್ಬರು ಕಾರಿನ ಒಳಗೆ ಕೂರುತ್ತಾರೆ. ಇನ್ನೊಬ್ಬರು ಹೊರಗಿನಿಂದ ಗಾಜಿನ ಮೇಲೆ ಕೊಡದಿಂದ ನಿಧಾನವಾಗಿ ನೀರು ಸುರಿಯುತ್ತಾರೆ. ಒಳಗಿರುವವರು ಗಾಜಿನ ಮೂಲೆಗಳನ್ನು ಬೆರಳಿನಿಂದ ಸವರುತ್ತಾರೆ, ಕಾಲಡಿಯ ಹಾಸನ್ನು ಎತ್ತಿ ಮುಟ್ಟಿ ನೋಡುತ್ತಾರೆ. ಬೆರಳು ಒದ್ದೆಯಾದರೆ ಬೀಡಿಂಗನ್ನು ಮತ್ತೆ ಬಿಚ್ಚಬೇಕು.