ಆಡುವವನ ಪಾಲು

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಆ ದೇಶದ ವೃತ್ತಿಪರ ಲೀಗಿನ ಯಾವ ತಂಡಕ್ಕೂ ಅಷ್ಟು ದೊಡ್ಡ ಅಂಗಳವಿಲ್ಲ. ಅವರು ಫುಟ್‌ಬಾಲ್ ಎನ್ನುವುದು ನಾವು ಕಾಲಲ್ಲಿ ಒದ್ದು ಆಡುವ ಆಟವನ್ನಲ್ಲ. ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು, ಎದುರು ಬಂದವನನ್ನು ಕೆಡವುತ್ತ ಮುನ್ನುಗ್ಗುವ ಆಟ ಅದು. ಎರಡು ಕಾಲೇಜುಗಳು ಈ ಹೆಸರಿನಲ್ಲಿ ಮೊದಲ ಪಂದ್ಯ ಆಡಿದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್. ಇವತ್ತು ಸೆಪ್ಟೆಂಬರ್ ಬಂತೆಂದರೆ ಪ್ರತಿ ಶನಿವಾರ ಎಷ್ಟೋ ಊರುಗಳಲ್ಲಿ ಬೇರೆ ಕೆಲಸ ನಡೆಯುವುದಿಲ್ಲ.

ಜನ ಎಲ್ಲಿದ್ದಾರೋ ಅಲ್ಲಿ ಹಣ. ಟಿ.ವಿ. ಹಕ್ಕು, ಟಿಕೆಟ್, ಜೆರ್ಸಿ, ಹಳೆಯ ವಿದ್ಯಾರ್ಥಿಗಳ ದೇಣಿಗೆ ಎಲ್ಲ ಸೇರಿ ಇದು ದೊಡ್ಡ ಉದ್ಯಮ. ಎಷ್ಟು ದೊಡ್ಡದೆಂದರೆ, 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಷರ್ ಅವರನ್ನು ಕೆಲಸದಿಂದ ತೆಗೆದಾಗ, ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡಿದ್ದಕ್ಕಲ್ಲ, ಬಿಟ್ಟು ಹೋಗುವುದಕ್ಕೆ! ಆದರೆ ಅಂಗಳದಲ್ಲಿ ಮೂಳೆ ಮುರಿಸಿಕೊಳ್ಳುತ್ತಿದ್ದ ಹುಡುಗನಿಗೆ 2021ರ ತನಕ ಸಿಗುತ್ತಿದ್ದದ್ದು ಶುಲ್ಕ, ವಸತಿ, ಊಟ, ಪುಸ್ತಕ, ಅದರ ಮೇಲೆ ಸಣ್ಣ ಭತ್ಯೆ. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಅವನು ಕಳಂಕಿತ.

ಜಾರ್ಜಿಯಾ ವಿಶ್ವವಿದ್ಯಾಲಯದ ಎ.ಜೆ. ಗ್ರೀನ್ ಅವರ ಪ್ರಕರಣ ಒಂದೇ ಸಾಕು. ತಾವು ತೊಟ್ಟು ಆಡಿದ ಜೆರ್ಸಿಯೊಂದನ್ನು ಅವರು 1,000 ಡಾಲರಿಗೆ ಮಾರಿದರು. ಅದಕ್ಕೆ 2010ರಲ್ಲಿ ನಾಲ್ಕು ಪಂದ್ಯಗಳ ನಿಷೇಧ. ಅದೇ ಹೊತ್ತಿಗೆ ಅವರ ನಂಬರಿನ ಜೆರ್ಸಿಗಳು ಅಂಗಡಿಯಲ್ಲಿ ರಾಜಾರೋಷವಾಗಿ ಬಿಕರಿಯಾಗುತ್ತಿದ್ದವು. ಮೈಮೇಲಿನ ಅಂಗಿ ಆಟಗಾರನದು, ಅದರ ವ್ಯಾಪಾರ ಮಾತ್ರ ಬೇರೆಯವರದು.

ವಿಧವೆಯೊಬ್ಬರ ಅರ್ಜಿ

ಈ ಕಟ್ಟಳೆಗಳನ್ನೆಲ್ಲ ಮಾಡಿ ಕಾಯುತ್ತಿದ್ದದ್ದು ಎನ್‌ಸಿಎಎ ಎಂಬ ಸಂಸ್ಥೆ. ಫುಟ್‌ಬಾಲ್ ಅಂಗಳದಲ್ಲಿ ಹುಡುಗರು ಸಾಯುತ್ತಿದ್ದ ಕಾಲದಲ್ಲಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರ ಒತ್ತಾಯದ ನಂತರ, 1906ರಲ್ಲಿ ಅದು ಹುಟ್ಟಿತು. ಮೊದಲಿನ ಕೆಲಸ ಆಟವನ್ನು ಸುರಕ್ಷಿತವಾಗಿಸುವುದು. ಹಣದ ಕಾವಲು ಆಮೇಲೆ ಬಂತು.

1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಎಂಬ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕಾರ್ಖಾನೆಯಲ್ಲಿ ಸತ್ತ ಕಾರ್ಮಿಕನ ಮನೆಯವರಿಗೆ ಸಿಗುವ ಪರಿಹಾರ ತಮಗೂ ಸಿಗಬೇಕೆಂದು ಅವರ ಹೆಂಡತಿ ಕೇಳಿದರು. ಆಟಗಾರ ಕಾಲೇಜಿನ ನೌಕರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿತು. ಇಂಥ ಅರ್ಜಿಗಳು ಇನ್ನೆಷ್ಟು ಬರುತ್ತವೋ ಎಂಬ ಭಯ ಕಾಲೇಜುಗಳಿಗೆ ಹತ್ತಿತ್ತು. ಎನ್‌ಸಿಎಎಯ ಅಂದಿನ ಮುಖ್ಯಸ್ಥ ವಾಲ್ಟರ್ ಬೈಯರ್ಸ್, ಆಟಗಾರರನ್ನು ಎಲ್ಲ ಕಾಗದಪತ್ರಗಳಲ್ಲೂ ‘ವಿದ್ಯಾರ್ಥಿ-ಕ್ರೀಡಾಪಟು’ ಎಂದೇ ಬರೆಯುವ ಪದ್ಧತಿ ತಂದರು. ನೌಕರ ಎಂಬ ಪ್ರಶ್ನೆ ಏಳಲೇಬಾರದೆಂಬುದು ಅದರ ಉದ್ದೇಶ. ನಿವೃತ್ತಿಯಾದ ಮೇಲೆ ಇದೇ ಬೈಯರ್ಸ್, ತಾವು ಕಟ್ಟಿದ ವ್ಯವಸ್ಥೆ ಆಟಗಾರರನ್ನು ಶೋಷಿಸುತ್ತದೆ ಎಂದು ಪುಸ್ತಕ ಬರೆದರು. ಅಷ್ಟು ಹೊತ್ತಿಗೆ ಅಧಿಕಾರ ಕೈಬಿಟ್ಟಿತ್ತು.

ಹಾಗಂತ ಹಣ ಹರಿಯುತ್ತಿರಲಿಲ್ಲ ಎಂದಲ್ಲ, ಹಿಂಬಾಗಿಲಿಂದ ಹರಿಯುತ್ತಿತ್ತು. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶ್ರೀಮಂತ ಅಭಿಮಾನಿಗಳ ಹಣದಿಂದ 13 ಆಟಗಾರರಿಗೆ ಒಟ್ಟು 61,000 ಡಾಲರ್ ಗುಟ್ಟಾಗಿ ಸಂದಾಯವಾದದ್ದು ರಟ್ಟಾಗಿ, 1987ರಲ್ಲಿ ಇಡೀ ವರ್ಷ ಅದರ ಫುಟ್‌ಬಾಲನ್ನೇ ನಿಲ್ಲಿಸಲಾಯಿತು. ತಂಡ ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು. ಅದೇ ವಿಶ್ವವಿದ್ಯಾಲಯ 2024ರಲ್ಲಿ ದೊಡ್ಡ ಲೀಗೊಂದಕ್ಕೆ ಸೇರುವಾಗ ಒಂಬತ್ತು ವರ್ಷ ಟಿ.ವಿ. ಹಣದಲ್ಲಿ ಪಾಲೇ ಬೇಡ ಎಂದಿತು. ಕೊರತೆ ತುಂಬಲು ಶ್ರೀಮಂತ ಅಭಿಮಾನಿಗಳಿದ್ದರಲ್ಲ! ಈ ಸಲ ಯಾರೂ ಅವರನ್ನು ತಡೆಯಲಿಲ್ಲ.

ಕೋರ್ಟು ಕೆಡವಿದ ಗೋಡೆ

ಗೋಡೆಯನ್ನು ಒಡೆದದ್ದು ಆಟಗಾರರ ಮುಷ್ಕರವಲ್ಲ, ಏಕಸ್ವಾಮ್ಯ ವಿರೋಧಿ ಕಾನೂನು. ಪೈಪೋಟಿ ನಡೆಸಬೇಕಾದ ಸಂಸ್ಥೆಗಳು ಒಟ್ಟಿಗೆ ಕೂತು ಬೆಲೆಯನ್ನೋ ಕೂಲಿಯನ್ನೋ ಗೊತ್ತುಮಾಡಿಕೊಳ್ಳಬಾರದು ಎಂದು ಆ ಕಾನೂನು ಹೇಳುತ್ತದೆ. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಕಾನೂನಿನಡಿ, ಪಂದ್ಯಗಳ ಟಿ.ವಿ. ಹಕ್ಕನ್ನು ಎನ್‌ಸಿಎಎ ಒಂದೇ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದಿತ್ತು. ಕಾಲೇಜುಗಳು ಸಂಭ್ರಮದಿಂದ ಹಕ್ಕು ಮಾರಿಕೊಂಡವು. ತಾವು ಸಂಭ್ರಮಿಸಿದ ಅದೇ ಕಾನೂನು ಒಂದು ದಿನ ತಮ್ಮ ಕೊರಳಿಗೇ ಬರುತ್ತದೆಂದು ಆಗ ಅಂದುಕೊಂಡಿರಲಿಕ್ಕಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಎಡ್ ಒ’ಬ್ಯಾನನ್ ಎಂಬ ಮಾಜಿ ಬಾಸ್ಕೆಟ್‌ಬಾಲ್ ಆಟಗಾರರು ವಿಡಿಯೋ ಗೇಮೊಂದರಲ್ಲಿ ತಮ್ಮಂತೆಯೇ ಇದ್ದ ಗೊಂಬೆಯನ್ನು ಕಂಡು, 2009ರಲ್ಲಿ ಮೊಕದ್ದಮೆ ಹೂಡಿದರು. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರ ತೀರ್ಪು ಒ’ಬ್ಯಾನನ್ ಪರವಾಗಿ ಬಂತು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಆಟಗಾರ ತನ್ನ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಮಾರಿಕೊಳ್ಳಬಹುದು ಎಂದು ಕಾಯ್ದೆ ಮಾಡಿತು. ಉಳಿದ ರಾಜ್ಯಗಳು ಸುಮ್ಮನಿದ್ದರೆ ಒಳ್ಳೆಯ ಆಟಗಾರರೆಲ್ಲ ಕ್ಯಾಲಿಫೋರ್ನಿಯಾಕ್ಕೆ ಹೋದಾರೆಂದು ತಾವೂ ಮುಗಿಬಿದ್ದವು. ಕಡೆಗೆ 2021ರ ಜೂನ್ 21ರಂದು, ಆಲ್‌ಸ್ಟನ್ ಎಂಬ ಆಟಗಾರರ ಹೆಸರಿನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತಕ್ಕೆ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಆ ತೀರ್ಪು ನೇರವಾಗಿ ಹೇಳಿದ್ದು ಲ್ಯಾಪ್‌ಟಾಪ್‌ನಂಥ, ಓದಿಗೆ ಸಂಬಂಧಿಸಿದ ಸವಲತ್ತುಗಳ ಬಗ್ಗೆ ಮಾತ್ರ. ಆದರೆ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಪ್ರತ್ಯೇಕವಾಗಿ ಬರೆದು, ದುಡಿಸಿಕೊಂಡವರಿಗೆ ತಕ್ಕ ಕೂಲಿ ಕೊಡಬಾರದೆಂದು ಧಣಿಗಳು ಒಪ್ಪಂದ ಮಾಡಿಕೊಳ್ಳುವುದನ್ನು ಬೇರೆ ಯಾವ ಉದ್ಯಮದಲ್ಲೂ ಕಾನೂನು ಸಹಿಸದು ಎಂಬ ಅರ್ಥದ ಮಾತು ಹೇಳಿದರು. ಹತ್ತು ದಿನಕ್ಕೆ, ಜುಲೈ 1ರಂದು, ಎನ್‌ಸಿಎಎ ಕೈಚೆಲ್ಲಿತು. ಜಾಹೀರಾತಿನ ಹಣ ಮುಕ್ತವಾಯಿತು.

ಜಾಹೀರಾತು ಎಂಬುದು ಹೆಸರಿಗಷ್ಟೇ. ಒಂದೆರಡು ವರ್ಷಗಳಲ್ಲಿ ಬಹುತೇಕ ಎಲ್ಲ ದೊಡ್ಡ ವಿಶ್ವವಿದ್ಯಾಲಯಗಳ ಸುತ್ತ ‘ಕಲೆಕ್ಟಿವ್’ ಎಂಬ ದಾನಿಗಳ ಕೂಟ ಎದ್ದಿತು. ಅಭಿಮಾನಿಗಳಿಂದ ವಂತಿಗೆ ಎತ್ತಿ, ಒಂದೆರಡು ಹಸ್ತಾಕ್ಷರದ ಕಾರ್ಯಕ್ರಮದ ನೆಪದಲ್ಲಿ ಆಟಗಾರನಿಗೆ ಲಕ್ಷಗಟ್ಟಲೆ ಡಾಲರ್ ಕೊಡುವುದು ಇದರ ಕಸುಬು. ಎಷ್ಟೋ ಕೂಟಗಳು ಧರ್ಮಾರ್ಥ ಸಂಸ್ಥೆಗಳೆಂದು ನೋಂದಾಯಿಸಿಕೊಂಡಿದ್ದವು. ಇವುಗಳಲ್ಲಿ ಹೆಚ್ಚಿನವಕ್ಕೆ ತೆರಿಗೆ ವಿನಾಯಿತಿ ಸಲ್ಲದು ಎಂದು 2023ರಲ್ಲಿ ಅಲ್ಲಿಯ ತೆರಿಗೆ ಇಲಾಖೆಯ ವಕೀಲರು ಅಭಿಪ್ರಾಯಪಟ್ಟರು. ತಂಡದ ಆಟ ನಡೆಸುವ ಮುಖ್ಯ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ಗೆ ಹಣ ಕೊಡುವುದನ್ನು ಧರ್ಮಕಾರ್ಯವೆಂದು ಯಾರು ತಾನೆ ನಂಬಿಯಾರು?

ಪೋರ್ಟಲ್

ಹಣದ ಕಥೆಯಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಇನ್ನರ್ಧ, ತಂಡ ಬಿಟ್ಟು ತಂಡಕ್ಕೆ ಹೋಗುವ ಸ್ವಾತಂತ್ರ್ಯ.

ಮೊದಲು ಕಾಲೇಜು ಬದಲಿಸಬೇಕಾದರೆ ಹುಡುಗ ತನ್ನ ಕೋಚ್‌ನ ಮುಂದೆ ನಿಂತು ಅನುಮತಿ ಬೇಡಬೇಕಿತ್ತು. ಬೇರೆ ಕಾಲೇಜಿನವರು ಅವನ ಜೊತೆ ಮಾತಾಡಲೂ ಒಪ್ಪಿಗೆ ಬೇಕು. ಇಂಥಿಂಥ ಕಾಲೇಜಿಗೆ ಹೋಗಕೂಡದು ಎಂದು ಪಟ್ಟಿ ಕೊಡುವ ಕೋಚ್‌ಗಳೂ ಇದ್ದರು. ಹೇಗೋ ಹೋದರೆ ಹೊಸ ಕಡೆ ಒಂದು ವರ್ಷ ಆಡದೆ ಕೂರಬೇಕು. ಕೋಚ್ ಮಾತ್ರ ರಾತ್ರೋರಾತ್ರಿ ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೊರಟುಹೋಗಬಹುದು.

2018ರ ಅಕ್ಟೋಬರ್ 15ರಂದು ‘ಟ್ರಾನ್ಸ್‌ಫರ್ ಪೋರ್ಟಲ್’ ಶುರುವಾಯಿತು. ನೋಡಲು ಅದೊಂದು ಸಾಧಾರಣ ಕಂಪ್ಯೂಟರ್ ಪಟ್ಟಿ. ಆಟಗಾರ ತನ್ನ ಕಾಲೇಜಿನ ಕಚೇರಿಗೆ ತಿಳಿಸಿದರಾಯಿತು, ಎರಡು ಕೆಲಸದ ದಿನಗಳಲ್ಲಿ ಅವರು ಹೆಸರನ್ನು ಪಟ್ಟಿಗೆ ಹಾಕಲೇಬೇಕು. ಹೆಸರು ಬಿದ್ದ ಕ್ಷಣದಿಂದ ದೇಶದ ಯಾವ ಕೋಚ್ ಬೇಕಾದರೂ ಫೋನ್ ಮಾಡಬಹುದು. 2021ರಲ್ಲಿ, ಒಂದು ಸಲ ಬದಲಾದರೆ ವರ್ಷ ಕಾಯಬೇಕಿಲ್ಲ ಎಂಬ ನಿಯಮ ಬಂತು. 2023ರ ಡಿಸೆಂಬರ್‌ನಲ್ಲಿ ಪಶ್ಚಿಮ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಉಳಿದ ತಡೆಯನ್ನೂ ತೆರವು ಮಾಡಿತು. 2024ರಿಂದ, ಓದಿನಲ್ಲಿ ಅರ್ಹನಾಗಿದ್ದರೆ, ಎಷ್ಟು ಸಲ ಬೇಕಾದರೂ ಹೋಗಬಹುದು.

ಸಂಬಳ ಮತ್ತು ಸಂಚಾರ ಎರಡೂ ಒಟ್ಟಿಗೆ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ 2025ರ ಏಪ್ರಿಲ್‌ನ ಒಂದು ಘಟನೆ. ಟೆನೆಸ್ಸಿಯ ಕ್ವಾರ್ಟರ್‌ಬ್ಯಾಕ್ ನಿಕೊ ಇಯಮಲೇವ, ಹಣದ ಮಾತುಕತೆಯ ಸುದ್ದಿಯ ನಡುವೆ ತಂಡದ ಅಭ್ಯಾಸಕ್ಕೆ ಬರಲಿಲ್ಲ. ಕೋಚ್ ಅವರನ್ನು ಕೈಬಿಟ್ಟರು. ಅವರು ಲಾಸ್ ಏಂಜಲಿಸ್‌ನ ಯುಸಿಎಲ್‌ಎಗೆ ಹೋದರು. ಅಲ್ಲಿ ಆ ಜಾಗದಲ್ಲಿದ್ದ ಜೋಯಿ ಅಗಿಲಾರ್ ತಮ್ಮ ಹೆಸರನ್ನು ಪೋರ್ಟಲ್‌ಗೆ ಹಾಕಿ ಟೆನೆಸ್ಸಿಗೆ ಬಂದರು. ಎರಡು ವಿಶ್ವವಿದ್ಯಾಲಯಗಳು ಕ್ವಾರ್ಟರ್‌ಬ್ಯಾಕ್‌ಗಳನ್ನು ಅದಲುಬದಲು ಮಾಡಿಕೊಂಡ ಹಾಗಾಯಿತು. ಅದಕ್ಕೂ ಮುಂಚೆ, 2024ರ ಸೆಪ್ಟೆಂಬರ್‌ನಲ್ಲಿ, ನೆವಾಡಾ ವಿಶ್ವವಿದ್ಯಾಲಯದ ಲಾಸ್ ವೇಗಸ್ ತಂಡದ ಮ್ಯಾಥ್ಯೂ ಸ್ಲೂಕ ಮೂರು ಪಂದ್ಯ ಗೆದ್ದುಕೊಟ್ಟು ಎದ್ದು ಹೋದರು. ಬಾಯಿಮಾತಿನಲ್ಲಿ ಒಪ್ಪಿದ್ದ 1,00,000 ಡಾಲರ್ ಬರಲಿಲ್ಲ ಎಂದು ಅವರ ಏಜೆಂಟ್ ಹೇಳಿದರು, ಅಂಥ ಮಾತೇ ಇರಲಿಲ್ಲ ಎಂದು ವಿಶ್ವವಿದ್ಯಾಲಯದ ಕಡೆಯವರು ಹೇಳಿದರು. ನಮ್ಮ ಐಪಿಎಲ್ ಹರಾಜಿನಲ್ಲಾದರೆ ಬೆಲೆ ಎಲ್ಲರ ಎದುರಿಗೇ ಕೂಗಿ ನಿಲ್ಲುತ್ತದೆ. ಇಲ್ಲಿ ಎರಡೂ ಕಡೆಯವರು ಹೇಳುವ ಮಾತಿಗೆ ಸಾಕ್ಷಿ ಇಲ್ಲ.

ಇಷ್ಟಾದರೂ ಆಟ ಕೆಟ್ಟಿತು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯವನ್ನೇ ನೋಡಿ. 700ಕ್ಕೂ ಹೆಚ್ಚು ಪಂದ್ಯ ಸೋತು, ಸೋಲಿಗೇ ಹೆಸರಾದ ತಂಡ ಅದು. 2023ರ ಕೊನೆಗೆ ಕೋಚ್ ಆಗಿ ಬಂದ ಕರ್ಟ್ ಸಿಗ್ನೆಟಿ ತಮ್ಮ ಹಳೆಯ ತಂಡವಾದ ಜೇಮ್ಸ್ ಮ್ಯಾಡಿಸನ್‌ನಿಂದ ಹಲವು ಹುಡುಗರನ್ನು ಜೊತೆಗೇ ಕರೆತಂದರು. ಮುಂದೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಸ ಬಂದರು. ಮೆಂಡೋಸ 2025ರಲ್ಲಿ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದರು. 2026ರ ಜನವರಿಯಲ್ಲಿ ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಹಳೆಯ ಕಟ್ಟಳೆಯಲ್ಲಿ ಒಳ್ಳೆಯ ಹುಡುಗರೆಲ್ಲ ನಾಲ್ಕೈದು ದೊಡ್ಡ ಮನೆಗಳ ಬೆಂಚಿನಲ್ಲೇ ಕೂತು ಸವೆಯುತ್ತಿದ್ದರು. ಈಗ ಅವರಿಗೆ ಅಂಗಳಕ್ಕಿಳಿಯುವ ದಾರಿಯಿದೆ.

ಪೆಟ್ಟು ಬಿದ್ದದ್ದು ಬೇರೆಯವರಿಗೆ. ಹೈಸ್ಕೂಲು ಮುಗಿಸಿದ 18ರ ಹುಡುಗನನ್ನು ತಂದು ಎರಡು ವರ್ಷ ತಿದ್ದುವ ಬದಲು, ಬೇರೆಡೆ ಆಡಿ ಪಳಗಿದ 22ರವನನ್ನೇ ಕೋಚ್‌ಗಳು ಆರಿಸಿಕೊಳ್ಳುತ್ತಾರೆ. ಪೋರ್ಟಲ್‌ಗೆ ಹೆಸರು ಹಾಕಿ ಯಾರೂ ಕರೆಯದೆ ಉಳಿದವನಿಗೆ ಇದ್ದ ಸ್ಕಾಲರ್‌ಶಿಪ್ಪೂ ಹೋಗಬಹುದು. ಪದೇ ಪದೇ ಕಾಲೇಜು ಬದಲಿಸಿದರೆ ಓದಿದ ಕೋರ್ಸುಗಳಲ್ಲಿ ಕೆಲವು ಹೊಸ ಕಡೆ ಲೆಕ್ಕಕ್ಕೆ ಬರುವುದಿಲ್ಲ, ಪದವಿ ಹಿಂದೆ ಬೀಳುತ್ತದೆ. ಇನ್ನು ವಿದ್ಯಾರ್ಥಿ ವೀಸಾದಲ್ಲಿ ಹೋದ ವಿದೇಶಿ ಆಟಗಾರನ ಪಾಡು ಬೇರೆ. ಆ ವೀಸಾದಲ್ಲಿ ದುಡಿಯುವುದಕ್ಕೇ ಬಿಗಿ ಮಿತಿ ಇರುವುದರಿಂದ, ಸಹ ಆಟಗಾರ ಜಾಹೀರಾತಿಗೆ ನಗುವಾಗ ಇವನು ಪಕ್ಕದಲ್ಲಿ ನಿಂತು ನೋಡಬೇಕು. ಅಲ್ಲಿಗೆ ಮಕ್ಕಳನ್ನು ಓದಲು ಕಳಿಸಿರುವ ಕನ್ನಡದ ತಂದೆತಾಯಿಗೆ ಈ ವೀಸಾದ ಕಟ್ಟುಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕಾಲೇಜೇ ಕೊಡುತ್ತದೆ

2025ರ ಜೂನ್ 6ರಂದು, ಒ’ಬ್ಯಾನನ್ ತೀರ್ಪು ಕೊಟ್ಟಿದ್ದ ಅದೇ ಕ್ಲಾಡಿಯಾ ವಿಲ್ಕನ್ ಒಂದು ರಾಜಿಗೆ ಒಪ್ಪಿಗೆಯ ಮುದ್ರೆ ಒತ್ತಿದರು. ಅರಿಜೋನಾದ ಈಜುಗಾರ ಗ್ರಾಂಟ್ ಹೌಸ್ ಹೆಸರಿನಲ್ಲಿ ನಡೆದ ಮೊಕದ್ದಮೆ ಇದು. ಅದರಂತೆ, 2016ರಿಂದ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಹಿಂಬಾಕಿ. ಜುಲೈ 1ರಿಂದ ಪ್ರತಿ ವಿಶ್ವವಿದ್ಯಾಲಯ ತನ್ನ ಖಜಾನೆಯಿಂದಲೇ ಆಟಗಾರರಿಗೆ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್ ತನಕ ಹಂಚಬಹುದು. ಹೊರಗಿನವರ ಜೊತೆ ಆಟಗಾರ ಮಾಡಿಕೊಳ್ಳುವ 600 ಡಾಲರಿಗೆ ಮೇಲ್ಪಟ್ಟ ಒಪ್ಪಂದಗಳನ್ನೆಲ್ಲ ಹೊಸದೊಂದು ಆಯೋಗ ಪರಿಶೀಲಿಸುತ್ತದೆ.

ಹಂಚುವಾಗ ದೊಡ್ಡ ಪಾಲು ಫುಟ್‌ಬಾಲ್‌ಗೆ. ಮುಕ್ಕಾಲು ಭಾಗ ಅದಕ್ಕೇ ಎಂಬ ಲೆಕ್ಕ ಹಲವು ಕಡೆ ನಡೆದಿದೆ. ಉಳಿದದ್ದರಲ್ಲಿ ಹುಡುಗರ ಬಾಸ್ಕೆಟ್‌ಬಾಲ್ ಮೊದಲು, ಆಮೇಲೆ ಮಹಿಳೆಯರು. ಶಿಕ್ಷಣದಲ್ಲಿ ಹೆಣ್ಣು ಗಂಡು ಭೇದ ಸಲ್ಲದೆಂದು 1972ರಲ್ಲೇ ಬಂದ ‘ಟೈಟಲ್ ನೈನ್’ ಕಾಯ್ದೆಗೆ ಹಿಂಬಾಕಿಯ ಇಂಥದೇ ಹಂಚಿಕೆ ವಿರುದ್ಧವೆಂದು ಕೆಲವು ಮಹಿಳಾ ಆಟಗಾರರು ಮೇಲ್ಮನವಿ ಹಾಕಿದರು. ಅವರ ವಾದದಲ್ಲಿ ಹುರುಳಿದೆ. ಹಣ ತರುವ ಆಟಕ್ಕೇ ಹಣ ಎನ್ನುವವರು, ಅದು ಶಿಕ್ಷಣ ಸಂಸ್ಥೆ ಎಂಬುದನ್ನು ತಮಗೆ ಬೇಕಾದಾಗ ಮಾತ್ರ ನೆನೆಯುತ್ತಾರೆ.

ಹೀಗೆ ಮಿತಿ ಬಂತು, ಆಯೋಗ ಬಂತು. ಸ್ಟ್ಯಾನ್‌ಫರ್ಡ್ ತನ್ನ ಹಳೆಯ ಕ್ವಾರ್ಟರ್‌ಬ್ಯಾಕ್ ಆಂಡ್ರೂ ಲಕ್ ಅವರನ್ನು ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಮಾಡಿತು. ವೃತ್ತಿಪರ ಲೀಗಿನ ದಿಗ್ಗಜ ಕೋಚ್ ಬಿಲ್ ಬೆಲಿಚಿಕ್ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಬಂದರು. ವೃತ್ತಿಪರ ಆಟದ ಎಲ್ಲ ಅಂಗಗಳೂ ಬಂದವು, ಒಂದನ್ನು ಬಿಟ್ಟು. ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲೂ ಸಂಬಳಕ್ಕೆ ಮಿತಿಯಿದೆ, ತಂಡ ಬಿಡುವುದಕ್ಕೆ ಕಟ್ಟಳೆಯಿದೆ. ಅವು ಕೋರ್ಟಿನಲ್ಲಿ ಬಿದ್ದುಹೋಗದಿರಲು ಕಾರಣ, 1993ರಲ್ಲಿ ಆಟಗಾರರ ಸಂಘ ಮಾಲೀಕರ ಎದುರು ಕೂತು ಅವನ್ನು ಒಪ್ಪಿ ಸಹಿ ಹಾಕಿತ್ತು. ಕಾಲೇಜಿನಲ್ಲಿ ಅಂಥ ಸಂಘವಿಲ್ಲ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಸಂಘ ಕಟ್ಟಲು ಹೊರಟಾಗ, ಮರುವರ್ಷ ಕಾರ್ಮಿಕ ಮಂಡಳಿ ಅದು ತನ್ನ ವ್ಯಾಪ್ತಿಗೆ ಬೇಡವೆಂದು ಕೈತೊಳೆದುಕೊಂಡಿತು. ಈಗಲೂ ವಿಶ್ವವಿದ್ಯಾಲಯಗಳು ವಾಷಿಂಗ್ಟನ್ನಿಗೆ ಹೋಗಿ ಕೇಳುತ್ತಿರುವುದು, ತಮ್ಮನ್ನು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಕಾಪಾಡಿ, ಆಟಗಾರರನ್ನು ನೌಕರರೆಂದು ಕರೆಯಬೇಡಿ ಎಂದು. ರೇ ಡೆನಿಸನ್ ಅವರ ಹೆಂಡತಿ ಎತ್ತಿದ ಪ್ರಶ್ನೆಗೆ ಇವತ್ತಿಗೂ ಅವರ ಉತ್ತರ ಅದೇ.

ಈ ಹಟ ಹೆಚ್ಚು ದಿನ ತಾಳಲಾರದು ಎಂದು ನನ್ನ ಅನಿಸಿಕೆ. ಆಟಗಾರರನ್ನು ನೌಕರರೆಂದು ಒಪ್ಪಿ, ಅವರ ಸಂಘದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುವ ತನಕ, ಎನ್‌ಸಿಎಎ ಆಗಲಿ ಹೊಸ ಆಯೋಗವಾಗಲಿ ಬರೆಯುವ ಪ್ರತಿಯೊಂದು ನಿಯಮವನ್ನೂ ಯಾವುದೋ ರಾಜ್ಯದ ನ್ಯಾಯಾಧೀಶರೊಬ್ಬರು ಮುಂದಿನ ಸೀಸನ್ನಿಗೆ ಮುಂಚೆಯೇ ತಡೆಹಿಡಿಯುತ್ತಿರುತ್ತಾರೆ.